ಜಿಲ್ಲೆಯನ್ನು ಅನುಲಕ್ಷಿಸಿ: ಸಮಾಜವಿಜ್ಞಾನದ ಪಿಎಚ್.ಡಿ. ಮತ್ತು ನಮ್ಮ ಎರಡು ಊರುಗಳು



ಸಮಾಜವಿಜ್ಞಾನಗಳಲ್ಲಿ ಪಿಎಚ್.ಡಿ. ಪದವಿ ಜಗತ್ತಿನ ಬೇರೆ ಬೇರೆ ಕಡೆ ಹೇಗೆ ನಡೆಯುತ್ತದೆ ಎಂಬುದರ ಬಗ್ಗೆ ಮಾತಾಡಿ ಎಂದು ಈ ದತ್ತಿ ಉಪನ್ಯಾಸದ ಸಂಘಟಕರು ಹೇಳಿದ್ದಾರೆ. ಜಗತ್ತಿನ ಮಾತಿಗೆ ಹೋಗುವ ಮೊದಲು ಹರಿಹರದ ಸೇತುವೆಯವರೆಗೆ ಹೋಗಿಬರೋಣ.

ಸೇತುವೆಯ ಈಚೆ ಹರಿಹರ, ದಾವಣಗೆರೆ ಜಿಲ್ಲೆ. ಆಚೆ ಕುಮಾರಪಟ್ಟಣ, ರಾಣೆಬೆನ್ನೂರು ತಾಲ್ಲೂಕು, ಹಾವೇರಿ ಜಿಲ್ಲೆ. ಹರಿಹರ ಪಾಲಿಫೈಬರ್ಸ್ ಎಂದು ಈಚೆಯ ಊರಿನ ಹೆಸರಿಟ್ಟುಕೊಂಡ ಕಾರ್ಖಾನೆ 1972ರಿಂದ ಇರುವುದು ಆಚೆ ದಡದಲ್ಲಿ. ಅಲ್ಲಿ ದುಡಿಯುವವರಲ್ಲಿ ಎಷ್ಟೋ ಮಂದಿಯ ಮನೆ, ಮಕ್ಕಳ ಶಾಲೆ, ಸಂತೆ, ದೇವರು ಎಲ್ಲವೂ ಈಚೆ ದಡದಲ್ಲಿ. ಈಗ ಒಬ್ಬ ವಿದ್ಯಾರ್ಥಿ ‘ಕೈಗಾರಿಕಾ ಕಾರ್ಮಿಕರ ಸಾಮಾಜಿಕ ಸ್ಥಿತಿಗತಿ: ದಾವಣಗೆರೆ ಜಿಲ್ಲೆಯನ್ನು ಅನುಲಕ್ಷಿಸಿ ಒಂದು ಅಧ್ಯಯನ’ ಎಂದು ಸಿನಾಪ್ಸಿಸ್ ಬರೆದ ಅನ್ನಿ. ಅವನ ಅಧ್ಯಯನ ಸೇತುವೆಯ ಈ ತುದಿಯಲ್ಲೇ ನಿಂತುಬಿಡುತ್ತದೆ. ಕಾರ್ಮಿಕ ಸಿಕ್ಕ, ಕಾರ್ಖಾನೆ ಸಿಗಲಿಲ್ಲ. ಹಾವೇರಿ ಜಿಲ್ಲೆಯನ್ನು ಅನುಲಕ್ಷಿಸಿ ಬರೆಯುವವನಿಗೆ ಕಾರ್ಖಾನೆ ಸಿಗುತ್ತದೆ, ಕಾರ್ಮಿಕನ ಅಡುಗೆಮನೆ ಸಿಗುವುದಿಲ್ಲ.

ಈ ‘ಅನುಲಕ್ಷಿಸಿ’ ಎಂಬುದು ನಮ್ಮ ಮಹಾಪ್ರಬಂಧಗಳ ಬಾಲಂಗೋಚಿ. ಶೋಧಗಂಗಾ ಜಾಲತಾಣದಲ್ಲಿ ದೇಶದ ವಿಶ್ವವಿದ್ಯಾಲಯಗಳ ಪ್ರಬಂಧಗಳು ಯಾರು ಬೇಕಾದರೂ ಓದುವಂತೆ ತೆರೆದಿವೆ. ಒಂದು ಸಂಜೆ ಕುಳಿತು ಶೀರ್ಷಿಕೆಗಳನ್ನಷ್ಟೇ ಓದುತ್ತಾ ಹೋಗಿ. ಸ್ವಸಹಾಯ ಸಂಘಗಳು, ಮಹಿಳಾ ಸಬಲೀಕರಣ, ಪಂಚಾಯಿತಿ, ಉದ್ಯೋಗ ಖಾತ್ರಿ. ಅದರ ಕೊನೆಗೆ ಒಂದು ಜಿಲ್ಲೆ. ಜಿಲ್ಲೆಯ ಹೆಸರು ತೆಗೆದು ಪಕ್ಕದ ಜಿಲ್ಲೆಯ ಹೆಸರು ಹಾಕಿದರೂ ಮೊದಲ ಮೂರು ಅಧ್ಯಾಯ ಹಾಗೇ ಉಳಿಯುತ್ತವೆ. ನನ್ನ ತಕರಾರು ವಿದ್ಯಾರ್ಥಿಗಳ ಮೇಲಲ್ಲ. ಜಿಲ್ಲೆಯ ಅಂಕಿಅಂಶಗಳ ಪುಸ್ತಕ ಜಿಲ್ಲಾವಾರು ಸಿಗುತ್ತದೆ, ಅನುಮತಿ ಜಿಲ್ಲಾಧಿಕಾರಿ ಕಚೇರಿಯಲ್ಲಿ ಸಿಗುತ್ತದೆ, ಬಸ್ಸಿನ ಖರ್ಚು ಅಷ್ಟಕ್ಕೇ ಸಾಕಾಗುತ್ತದೆ. ಅನುಕೂಲವೇ ಪ್ರಶ್ನೆಯ ಜಾಗದಲ್ಲಿ ಕುಳಿತಿದೆ.

ಹಾಗೆ ಕುಳಿತ ಈ ಜಿಲ್ಲೆಯಾದರೂ ಎಂಥದು? 1997ರಲ್ಲಿ ಚಿತ್ರದುರ್ಗದಿಂದ ದಾವಣಗೆರೆ, ಹರಿಹರ, ಜಗಳೂರು. ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿ. ಬಳ್ಳಾರಿಯಿಂದ ಹರಪನಹಳ್ಳಿ ತಂದು ಸೇರಿಸಿ ಮಾಡಿದ್ದು. ಅದೇ ವರ್ಷ ಧಾರವಾಡದಿಂದ ಹಾವೇರಿ ಬೇರೆಯಾಯಿತು. 2018ರಲ್ಲಿ ಹರಪನಹಳ್ಳಿ ಮತ್ತೆ ಬಳ್ಳಾರಿಗೆ ಹೋಯಿತು, ಈಗ ಅದು ವಿಜಯನಗರ ಜಿಲ್ಲೆಯಲ್ಲಿದೆ. 2011ರ ಜನಗಣತಿಯ ದಾವಣಗೆರೆ ಜಿಲ್ಲೆಯೂ ಇಂದಿನ ದಾವಣಗೆರೆ ಜಿಲ್ಲೆಯೂ ಒಂದೇ ಅಲ್ಲ. ಹತ್ತು ವರ್ಷದ ಬೆಳವಣಿಗೆ ತೋರಿಸುವ ಕೋಷ್ಟಕ ಹಾಕುವವರು ಇದನ್ನು ಅಡಿಟಿಪ್ಪಣಿಯಲ್ಲಾದರೂ ಹೇಳಬೇಕು. ಇನ್ನೂ ಹಿಂದೆ ಹೋದರೆ, 1956ರ ಏಕೀಕರಣದವರೆಗೆ ಹರಿಹರದ ಹೊಳೆ ಎರಡು ಆಡಳಿತಗಳ ಗಡಿ. ಈಚೆ ಮೈಸೂರು, ಆಚೆ ಮುಂಬಯಿ. ಹರಪನಹಳ್ಳಿ 1953ರವರೆಗೆ ಮದರಾಸು. 1941ರಲ್ಲಿ ಹರಿಹರಕ್ಕೆ ಬಂದ ಲೇತ್ ಕಾರ್ಖಾನೆ ತನ್ನ ಹೆಸರಲ್ಲೇ ‘ಮೈಸೂರು ಕಿರ್ಲೋಸ್ಕರ್’ ಎಂದು ಹೇಳಿಕೊಂಡದ್ದು ಸುಮ್ಮನೆ ಅಲ್ಲ. ಮರಾಠಿ ಸೀಮೆಯ ಉದ್ಯಮಿಗಳು ಹೊಳೆ ದಾಟಿ ಮೈಸೂರು ಸಂಸ್ಥಾನದ ಮೊದಲ ಊರಿಗೆ ಬಂದು ಇಳಿದರು. ಯಾಕೆ ಇಳಿದರು, ಸಂಸ್ಥಾನ ಅವರಿಗೆ ಏನು ಕೊಟ್ಟಿತು, ದಡದ ಆಚೆ ಇದ್ದವರಿಗೆ ಅದು ಹೇಗೆ ಕಂಡಿತು? ಇವು ಪ್ರಶ್ನೆಗಳು. ಇವಕ್ಕೆ ಜಿಲ್ಲೆಯ ಗೆರೆ ಉತ್ತರ ಹೇಳುವುದಿಲ್ಲ.

ಗೆರೆಯನ್ನು ಪ್ರಶ್ನೆಯೇ ಎಳೆಯಬೇಕು ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಒಂದು ದೊಡ್ಡ ಉದಾಹರಣೆ ಇದೆ. ಮನೆಯಂಗಳದಲ್ಲೇ ನಡೆದದ್ದಾದರೂ ನಮ್ಮ ತರಗತಿಗಳಲ್ಲಿ ಅದನ್ನು ಎರಡು ಸಾಲಿನ ಟಿಪ್ಪಣಿಗೆ ಇಳಿಸಿದ್ದೇವೆ. 1954ರಿಂದ 56ರವರೆಗೆ ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ಮಹಿಳೆ ಮಂಡ್ಯದ ಹತ್ತಿರದ ಹಳ್ಳಿಗಳಲ್ಲಿ ಉಳಿದರು. ವಿಯೆನ್ನಾದಲ್ಲಿ ಹುಟ್ಟಿ, ನಾಜಿಗಳಿಂದ ತಪ್ಪಿಸಿಕೊಂಡು ಇಂಗ್ಲೆಂಡ್ ಸೇರಿದ್ದ ಯಹೂದಿ ಹೆಣ್ಣುಮಗಳು. ಅವರು ಸೇರಿದ್ದ ವಿಶ್ವವಿದ್ಯಾಲಯ ಮ್ಯಾಂಚೆಸ್ಟರ್. ಹತ್ತಿ ಗಿರಣಿಗಳ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆದು ಬೀಗುತ್ತಿದ್ದ ನಾವು ಆ ಮ್ಯಾಂಚೆಸ್ಟರಿನಲ್ಲಿ ನೂಲಿನ ಜೊತೆ ಸಮಾಜಶಾಸ್ತ್ರವೂ ಇತ್ತೆಂಬುದನ್ನು ಗಮನಿಸಲಿಲ್ಲ. ಮ್ಯಾಕ್ಸ್ ಗ್ಲಕ್‌ಮನ್ ಅಲ್ಲಿ ಕಟ್ಟಿದ್ದ ಮಾನವಶಾಸ್ತ್ರ ವಿಭಾಗದಲ್ಲಿ ಜಗಳ, ವ್ಯಾಜ್ಯ, ಬಿರುಕು ಇವನ್ನು ಹಿಡಿದು ಸಮಾಜವನ್ನು ನೋಡುವ ಅಭ್ಯಾಸವಿತ್ತು.

ಎಪ್‌ಸ್ಟೀನ್ ಆರಿಸಿಕೊಂಡದ್ದು ಎರಡು ಹಳ್ಳಿ. ಅವಕ್ಕೆ ವಂಗಲ, ದಲೇನ ಎಂದು ಬೇರೆ ಹೆಸರಿಟ್ಟರು. ವಂಗಲಕ್ಕೆ ವಿಶ್ವೇಶ್ವರಯ್ಯ ನಾಲೆಯ ನೀರು ಬಂದಿತ್ತು. ದಲೇನ ಎತ್ತರದಲ್ಲಿತ್ತು, ಅದಕ್ಕೆ ನೀರು ಹತ್ತಲಿಲ್ಲ. ನೀರು ಬಂದ ಊರು ಬದಲಾಗಿರುತ್ತದೆ, ಬಾರದ ಊರು ಹಳೆಯ ಥರವೇ ಇರುತ್ತದೆ ಎಂದು ಯಾರಾದರೂ ಅಂದುಕೊಳ್ಳುವುದು ಸಹಜ. ಅವರು ಕಂಡದ್ದು ಉಲ್ಟಾ. ವಂಗಲದಲ್ಲಿ ಕಬ್ಬು ಬಂತು, ದುಡ್ಡು ಬಂತು, ಆದರೆ ಒಕ್ಕಲಿಗ ಒಡೆಯರಿಗೂ ದಲಿತ ಆಳುಗಳಿಗೂ ನಡುವಿನ ವಂಶಪಾರಂಪರ್ಯದ ನಂಟು, ಊರಿನ ಪಂಚಾಯ್ತಿಕೆ, ಮರ್ಯಾದೆಯ ಶ್ರೇಣಿ ಹಾಗೇ ಗಟ್ಟಿಯಾಗಿ ಉಳಿಯಿತು. ಬೇಸಾಯವೇ ಲಾಭ ತರುವಾಗ ಊರು ಬಿಡುವ ಕಾರಣ ಯಾರಿಗಿತ್ತು? ದಲೇನದವರಿಗೆ ಊರಲ್ಲಿ ಏನೂ ಇರಲಿಲ್ಲ. ಅವರು ಮಂಡ್ಯದ ಕೆಲಸಕ್ಕೆ ಹೋದರು, ವ್ಯಾಪಾರ ಮಾಡಿದರು, ನೀರಾವರಿಯಾದ ಪಕ್ಕದೂರಿನಲ್ಲಿ ಜಮೀನು ಕೊಂಡರು. ಸುತ್ತಲಿನ ನೀರಾವರಿಯ ಲಾಭವನ್ನು ಹೊರಗಿನಿಂದ ಹಿಡಿದರು. ಹಾಗೆ ಹಿಡಿಯುವಾಗ ಊರಿನ ಹಳೆಯ ಕಟ್ಟುಗಳು ಸಡಿಲವಾದವು. ಈ ಅಧ್ಯಯನ 1962ರಲ್ಲಿ ಪುಸ್ತಕವಾಗಿ ಅಚ್ಚಾಯಿತು. 1970ರಲ್ಲಿ ಅವರು ಮತ್ತೆ ಅದೇ ಊರುಗಳಿಗೆ ಬಂದು, 1973ರಲ್ಲಿ ಇನ್ನೊಂದು ಪುಸ್ತಕ ಬರೆದರು.

ಎರಡು ಹಳ್ಳಿ, ಒಂದು ವ್ಯತ್ಯಾಸ, ಅದರಿಂದ ಹೊರಟ ಒಂದು ಪ್ರಶ್ನೆ. ಯಾವ ಜಿಲ್ಲೆಯನ್ನೂ ಅನುಲಕ್ಷಿಸಲಿಲ್ಲ. ಇವತ್ತು ಜಗತ್ತಿನ ಎಲ್ಲೆಲ್ಲೋ ಗ್ರಾಮೀಣ ಅಭಿವೃದ್ಧಿ ಓದುವವರು ಮಂಡ್ಯದ ಆ ಎರಡು ಹಳ್ಳಿಗಳನ್ನು ಓದುತ್ತಾರೆ.

ನಮಗೆ ಇಂಥ ಜೋಡಿ ಇಲ್ಲವೇ? ಭದ್ರಾ ನಾಲೆ ಇಲ್ಲವೇ? ಅಚ್ಚುಕಟ್ಟಿನ ಮೇಲ್ಭಾಗದ ಹಳ್ಳಿ, ಹರಿಹರ ತಾಲ್ಲೂಕಿನ ಕೊನೇ ಭಾಗದ ಹಳ್ಳಿ, ನಾಲೆಯೇ ಇಲ್ಲದ ಜಗಳೂರಿನ ಹಳ್ಳಿ. ಮೂರನ್ನೂ ಒಂದೇ ದಿನದಲ್ಲಿ ನೋಡಿಬರಬಹುದು. ಬೇಸಿಗೆ ಭತ್ತಕ್ಕೆ ಕೊನೇ ಭಾಗಕ್ಕೆ ನೀರು ತಲುಪಿಲ್ಲವೆಂದು ರೈತರು ರಸ್ತೆಗಿಳಿಯುವುದು ನಮ್ಮಲ್ಲಿ ಹೊಸದೇನಲ್ಲ. ಭತ್ತದ ಗದ್ದೆ ಅಡಿಕೆ ತೋಟವಾಗುತ್ತಿದೆ. ತೋಟವಾದ ಮೇಲೆ ನಾಟಿಗೆ ಬರುತ್ತಿದ್ದ ಹೆಣ್ಣಾಳುಗಳು ಎಲ್ಲಿಗೆ ಹೋದರು? ಜಗಳೂರಿನ ಹುಡುಗರು ದಾವಣಗೆರೆಯಲ್ಲೂ ಬೆಂಗಳೂರಿನಲ್ಲೂ ಏನು ಮಾಡುತ್ತಿದ್ದಾರೆ, ಊರಿಗೆ ಬಂದಾಗ ಹಳೆಯ ಮರ್ಯಾದೆಗಳನ್ನು ಒಪ್ಪುತ್ತಾರೆಯೇ? ಭದ್ರಾ ಮೇಲ್ದಂಡೆ ಯೋಜನೆಯ ನೀರು ಜಗಳೂರಿಗೆ ಬರುವ ಮಾತಿದೆ. ಬರುವ ಮೊದಲೇ ಹೋಗಿ ಕುಳಿತು ಬರೆದಿಟ್ಟುಕೊಂಡರೆ, ಬಂದ ಮೇಲೆ ಹೋಲಿಸಬಹುದು. ನೀರು ಬಂದಾದ ಮೇಲೆ ‘ಮೊದಲು ಹೇಗಿತ್ತು’ ಎಂದು ಕೇಳಿದರೆ ಎಲ್ಲರೂ ಒಂದೇ ಕಥೆ ಹೇಳುತ್ತಾರೆ.

ಎಪ್‌ಸ್ಟೀನ್ ಇದ್ದ ಆ ಮ್ಯಾಂಚೆಸ್ಟರಿಗೇ ಕನ್ನಡ ನಾಡಿನಿಂದ ಹೋಗಿ ಪಿಎಚ್.ಡಿ. ಪಡೆದವರು ಸಿ. ಪಾರ್ವತಮ್ಮ. ದಲಿತ ಕುಟುಂಬದ ಹೆಣ್ಣುಮಗಳು, ಮುಂದೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಪ್ರಾಧ್ಯಾಪಕಿ. ಮೈಸೂರು ಸೀಮೆಯ ಹಳ್ಳಿಯೊಂದರ ರಾಜಕಾರಣ ಮತ್ತು ಧರ್ಮದ ಮೇಲಿನ ಅವರ ಪುಸ್ತಕ 1971ರಲ್ಲಿ, ವೀರಶೈವದ ಮೇಲಿನ ಸಮಾಜಶಾಸ್ತ್ರೀಯ ಪ್ರಬಂಧಗಳು 1972ರಲ್ಲಿ ಬಂದವು. ಮಠಗಳ ಸೀಮೆಯಾದ ನಮ್ಮ ಕಡೆ ಅವನ್ನು ಇನ್ನೂ ಹೆಚ್ಚು ಓದಬೇಕಿತ್ತು ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ. ಎಂ.ಎನ್. ಶ್ರೀನಿವಾಸರ ಹೆಸರು ನೀವೆಲ್ಲ ಪಠ್ಯದಲ್ಲಿ ಓದಿದ್ದೀರಿ. ಮುಂಬಯಿಯಲ್ಲಿ ಘುರ್ಯೆ ಅವರ ಬಳಿ ಕೊಡವರ ಮೇಲೆ ಒಂದು ಡಾಕ್ಟರೇಟ್, ಅದೇ ಸಾಮಗ್ರಿಯನ್ನು ಆಕ್ಸ್‌ಫರ್ಡಿಗೆ ಒಯ್ದು ಇನ್ನೊಂದು. ಒಂದೇ ಜನ, ಒಂದೇ ಟಿಪ್ಪಣಿಗಳು, ಬೇರೆ ಪ್ರಶ್ನೆ. 1952ರ ಪುಸ್ತಕ ಆ ಎರಡನೆಯ ಪ್ರಶ್ನೆಯಿಂದ ಬಂದದ್ದು. ನಮ್ಮ ವಿದ್ಯಾರ್ಥಿಗಳು ‘ಸರ್, ಈ ವಿಷಯದ ಮೇಲೆ ಆಗಲೇ ಮಾಡಿದ್ದಾರೆ’ ಎಂದು ಹೆದರಿ ಬಂದಾಗ ನಾನು ಈ ಮಾತು ನೆನಪಿಸುತ್ತಿದ್ದೆ.

ಈಗ ಜಗತ್ತು. ನಾವು ಇಂದು ಪಿಎಚ್.ಡಿ. ಎನ್ನುವ ಸಂಶೋಧನಾ ಪದವಿ ರೂಪ ತಳೆದದ್ದು ಹತ್ತೊಂಬತ್ತನೇ ಶತಮಾನದ ಜರ್ಮನಿಯಲ್ಲಿ. ಅಮೆರಿಕದ ಯೇಲ್ 1861ರಲ್ಲಿ ಅದನ್ನು ಕೊಟ್ಟಿತು. ಇಂಗ್ಲೆಂಡ್ ಬಹಳ ಕಾಲ ಮೂಗು ಮುರಿದು, ಮೊದಲ ಮಹಾಯುದ್ಧದ ಹೊತ್ತಿಗೆ ಒಪ್ಪಿಕೊಂಡಿತು. ಆಕ್ಸ್‌ಫರ್ಡ್ ಅದನ್ನು ತಂದದ್ದು 1917ರಲ್ಲಿ. ಫ್ರಾನ್ಸಿನಲ್ಲಿ ಎರಡು ಪ್ರಬಂಧ ಬರೆಯಬೇಕಿತ್ತು, ಅದರಲ್ಲೊಂದು ಲ್ಯಾಟಿನ್ನಿನಲ್ಲಿ. ಸಮಾಜಶಾಸ್ತ್ರದ ಪಿತಾಮಹರಲ್ಲೊಬ್ಬರೆಂದು ನಾವು ಓದಿಸುವ ಡರ್ಕ್‌ಹೈಮ್ 1893ರಲ್ಲಿ ಶ್ರಮವಿಭಜನೆಯ ಮೇಲೆ ಫ್ರೆಂಚಿನಲ್ಲಿ ಬರೆದು, ಜೊತೆಗೆ ಮಾಂಟೆಸ್ಕ್ಯೂ ಮೇಲೆ ಲ್ಯಾಟಿನ್ ಪ್ರಬಂಧವನ್ನೂ ಕೊಡಬೇಕಾಯಿತು. ಕಾರ್ಲ್ ಮಾರ್ಕ್ಸ್ 1841ರಲ್ಲಿ ಯೇನಾ ವಿಶ್ವವಿದ್ಯಾಲಯಕ್ಕೆ ಪ್ರಬಂಧವನ್ನು ಅಂಚೆಯಲ್ಲಿ ಕಳಿಸಿ ಗೈರುಹಾಜರಿಯಲ್ಲೇ ಡಾಕ್ಟರಾದರು. ಇವತ್ತಿನ ಯುಜಿಸಿ ನಿಯಮದಲ್ಲಿ ಕೋರ್ಸ್‌ವರ್ಕಿನ ಹಾಜರಾತಿ ಇಲ್ಲವೆಂದು ಅವರನ್ನು ಮನೆಗೆ ಕಳಿಸುತ್ತಿದ್ದೆವು.

ದೇಶದೇಶಕ್ಕೆ ದೊಡ್ಡ ವ್ಯತ್ಯಾಸ ಇರುವುದು ಎರಡು ಕಡೆ: ಓದುವಾಗ ಹೊಟ್ಟೆಗೆ ಹಾಕುವವರು ಯಾರು, ಕೊನೆಗೆ ಪ್ರಶ್ನೆ ಕೇಳುವವರು ಯಾರು. ಸ್ವೀಡನ್, ನಾರ್ವೆ, ನೆದರ್ಲೆಂಡ್ಸಿನಲ್ಲಿ ಸಾಮಾನ್ಯವಾಗಿ ಸಂಶೋಧಕ ವಿಶ್ವವಿದ್ಯಾಲಯದ ನೌಕರ. ಸಂಬಳ, ರಜೆ, ಪಿಂಚಣಿಯ ಲೆಕ್ಕ ಎಲ್ಲ ಇದೆ. ಅಮೆರಿಕದಲ್ಲಿ ಮೊದಲು ಎರಡು ಮೂರು ವರ್ಷ ತರಗತಿ, ಕಠಿಣ ಅರ್ಹತಾ ಪರೀಕ್ಷೆ, ಪಾಠ ಹೇಳಿ ಸಂಪಾದನೆ. ಮಾನವಶಾಸ್ತ್ರದಂಥ ವಿಷಯದಲ್ಲಿ ಮುಗಿಯುವ ಹೊತ್ತಿಗೆ ಏಳೆಂಟು ವರ್ಷ ಕಳೆದಿರುತ್ತದೆ. ಜಪಾನಿನಲ್ಲಿ ವಿಶ್ವವಿದ್ಯಾಲಯಕ್ಕೆ ಸೇರದೆಯೇ ಕೆಲಸದಲ್ಲಿದ್ದುಕೊಂಡು ಪ್ರಬಂಧ ಸಲ್ಲಿಸಿ ಡಾಕ್ಟರೇಟ್ ಪಡೆಯುವ ಹಳೆಯ ದಾರಿ ಇದೆ. ನಮ್ಮ ಪಿಯು ಉಪನ್ಯಾಸಕರು ಇದನ್ನು ಕೇಳಿ ನಿಟ್ಟುಸಿರು ಬಿಡಬಹುದು.

ಇಲ್ಲಿ ಜೆಆರ್‌ಎಫ್ ಫೆಲೋಶಿಪ್ ಪರೀಕ್ಷೆ ಪಾಸಾದವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ. ಪಾಸಾಗದವರಿಗೆ ಅತಿಥಿ ಉಪನ್ಯಾಸಕರ ಕೆಲಸ, ಟ್ಯೂಷನ್, ಇಲ್ಲವೇ ಅಪ್ಪನ ಜಮೀನು. 2022ರ ಯುಜಿಸಿ ನಿಯಮದ ಪ್ರಕಾರ ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಮಹಿಳೆಯರಿಗೆ ಎರಡು ವರ್ಷ ಹೆಚ್ಚಿನ ಅವಕಾಶ, ಹೆರಿಗೆಗೆ 240 ದಿನದ ರಜೆ. ಒಬ್ಬ ಪ್ರಾಧ್ಯಾಪಕರ ಕೈಕೆಳಗೆ ಎಂಟು ಮಂದಿ, ಸಹ ಪ್ರಾಧ್ಯಾಪಕರಿಗೆ ಆರು, ಸಹಾಯಕ ಪ್ರಾಧ್ಯಾಪಕರಿಗೆ ನಾಲ್ಕು. ಹಾಗಾಗಿ ನಮ್ಮ ಹುಡುಗ ಹುಡುಗಿಯರು ಮೊದಲು ಹುಡುಕುವುದು ಗೈಡನ್ನು. ಯಾರ ಬಳಿ ಸೀಟು ಖಾಲಿ ಇದೆಯೋ ಅವರ ಆಸಕ್ತಿಯೇ ಇವರ ಆಸಕ್ತಿ. ಪ್ರಶ್ನೆ ಆಮೇಲೆ ಬರುತ್ತದೆ, ಕೆಲವರಿಗೆ ಬರುವುದೇ ಇಲ್ಲ. 2018ರಲ್ಲಿ ಯುಜಿಸಿ ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಪಿಎಚ್.ಡಿ. ಕಡ್ಡಾಯ ಎಂದಿತು, ಜಾರಿಯನ್ನು ಮುಂದೂಡಿತು, 2023ರಲ್ಲಿ ಅದನ್ನೇ ಕೈಬಿಟ್ಟಿತು. ಈ ನಡುವೆ ಎಷ್ಟು ಮಂದಿ ಅವಸರದಲ್ಲಿ ಸಿನಾಪ್ಸಿಸ್ ಬರೆದಿರಬಹುದು ಎಂಬುದೇ ಒಂದು ಸಂಶೋಧನಾ ವಿಷಯ.

ದುಡ್ಡಿನ ಮಾತು ಬಂದಾಗ ಇಬ್ಬರನ್ನು ಒಟ್ಟಿಗೆ ನೆನೆಯಬೇಕು ಅನಿಸುತ್ತದೆ. ಅಮೆರಿಕದ ಕರಿಯ ಸಮಾಜಶಾಸ್ತ್ರಜ್ಞ ಡು ಬೊಯಿಸ್ ಬರ್ಲಿನ್ನಿನಲ್ಲಿ ಓದುತ್ತಿದ್ದರು. ವಿದ್ಯಾರ್ಥಿವೇತನ ಮುಂದುವರಿಯಲಿಲ್ಲ, ಅಲ್ಲಿನ ಡಾಕ್ಟರೇಟ್ ಕೈತಪ್ಪಿತು. ವಾಪಸು ಬಂದು 1895ರಲ್ಲಿ ಹಾರ್ವರ್ಡಿನಿಂದ ಪಡೆದರು. ಅಂಬೇಡ್ಕರ್ ಬರೋಡ ಸಂಸ್ಥಾನದ ವೇತನದ ಮೇಲೆ ಕೊಲಂಬಿಯಾಕ್ಕೆ ಹೋದವರು, ಲಂಡನ್ನಿನಲ್ಲಿ ಓದು ನಡೆದಿದ್ದಾಗಲೇ ವೇತನದ ಅವಧಿ ಮುಗಿದು 1917ರಲ್ಲಿ ಮರಳಬೇಕಾಯಿತು. 1920ರಲ್ಲಿ ಮತ್ತೆ ಹೋಗಿ 1923ರಲ್ಲಿ ಲಂಡನ್ನಿನ ಡಿ.ಎಸ್ಸಿ. ಮುಗಿಸಿದರು. ಕೊಲಂಬಿಯಾದ ಪ್ರಬಂಧ 1925ರಲ್ಲಿ ಪುಸ್ತಕವಾಗಿ ಅಚ್ಚಾಗಿ, ಪದವಿ ಕೈಗೆ ಬಂದದ್ದು 1927ರಲ್ಲಿ. ಬುದ್ಧಿಗೆ ಬರ ಇರಲಿಲ್ಲ, ಇಬ್ಬರಿಗೂ ಅಡ್ಡಬಂದದ್ದು ವೇತನದ ಕೊನೇ ತಾರೀಖು.

ಡಾಕ್ಟರೇಟಿನ ಕಳ್ಳತನ ನಮ್ಮಲ್ಲೇ ಹೆಚ್ಚು ಎಂದು ಯಾರೂ ತಲೆತಗ್ಗಿಸಬೇಕಿಲ್ಲ. ಜರ್ಮನಿಯ ರಕ್ಷಣಾ ಸಚಿವ ಗುಟೆನ್‌ಬರ್ಗ್ 2011ರಲ್ಲಿ, ಶಿಕ್ಷಣ ಸಚಿವೆ ಶಾವಾನ್ 2013ರಲ್ಲಿ ಕೃತಿಚೌರ್ಯದ ಕಾರಣಕ್ಕೆ ಪದವಿಯನ್ನೂ ಖುರ್ಚಿಯನ್ನೂ ಕಳೆದುಕೊಂಡರು. ಅಲ್ಲಿ ಪ್ರಬಂಧ ಪ್ರಕಟವಾಗಲೇಬೇಕೆಂಬ ನಿಯಮ ಇರುವುದರಿಂದ ಓದಿದವರು ಕಂಡುಹಿಡಿದರು. ನಮ್ಮಲ್ಲಿ 2018ರ ನಿಯಮ ಶೇಕಡಾ 10ರವರೆಗಿನ ಹೋಲಿಕೆಯನ್ನು ಬಿಡುತ್ತದೆ. ಯಂತ್ರ ಶೇಕಡಾವಾರು ಹೇಳುತ್ತದೆ, ನಾವು ಸಹಿ ಹಾಕುತ್ತೇವೆ. ನುಡಿ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಟೈಪು ಮಾಡಿದ ಕನ್ನಡ ಪ್ರಬಂಧ ಆ ಯಂತ್ರಕ್ಕೆ ಬರೀ ಗೀಚು, ಯುನಿಕೋಡಿಗೆ ತಿರುಗಿಸದ ಹೊರತು ಹೋಲಿಕೆ ಸಿಗುವುದೇ ಇಲ್ಲ. ಓದುವ ಮನುಷ್ಯನಿಗೆ ಬದಲಿ ಇಲ್ಲ.

ಮತ್ತೆ ಊರಿಗೆ ಬರುತ್ತೇನೆ, ಇಲ್ಲಿ ನನಗೆ ಹೇಳಬೇಕಾದ್ದು ಹೆಚ್ಚಿದೆ.

ದಾವಣಗೆರೆ ವಿಶ್ವವಿದ್ಯಾಲಯ ಇರುವ ತೋಳಹುಣಸೆಗೆ ಬಸ್ಸಿನಲ್ಲಿ ಹೋಗುವ ನಿಮಗೆ ಅದೇ ತೋಳಹುಣಸೆಯಲ್ಲಿ ಯಲ್ಲಮ್ಮ ಕಾಟನ್ ಮಿಲ್ ಇತ್ತೆಂಬುದು ಗೊತ್ತಿರಬಹುದು. 1974ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಕರಣ ಮಾಡಿದ ನಷ್ಟದ ಗಿರಣಿಗಳ ಪಟ್ಟಿಯಲ್ಲಿ ಅದೂ ಒಂದು. ಐದು ವರ್ಷದ ಮೇಲೆ, 1979ರಲ್ಲಿ, ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಇಲ್ಲಿ ಆರಂಭವಾಯಿತು. 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯದ ಪಾಲಿಗೆ ಬಂತು, 2009ರಲ್ಲಿ ಸ್ವತಂತ್ರ ವಿಶ್ವವಿದ್ಯಾಲಯವಾಯಿತು. ಊರಿನೊಳಗೆ ದಾವಣಗೆರೆ ಕಾಟನ್ ಮಿಲ್ಲು ಹೋಗಿ ಅದರ ಹೆಸರು ಡಿಸಿಎಂ ಟೌನ್‌ಶಿಪ್ಪಿನಲ್ಲಿ ಉಳಿದಿದೆ. ಇನ್ನೊಂದು ಕಡೆ ಬಾಪೂಜಿ ವಿದ್ಯಾಸಂಸ್ಥೆ 1958ರಲ್ಲಿ, ಜೆಜೆಎಂ ವೈದ್ಯಕೀಯ ಕಾಲೇಜು 1965ರಲ್ಲಿ, ಬಿಐಇಟಿ 1979ರಲ್ಲಿ ಬಂದವು. ಸೈರನ್ನಿಗೆ ಎದ್ದು ಮಲಗುತ್ತಿದ್ದ ಊರು ಹಾಸ್ಟೆಲ್ಲು, ಮೆಸ್ಸು, ಪಿಜಿ, ಕೋಚಿಂಗಿನ ಊರಾಯಿತು. ಕೆಂಪು ಬಾವುಟದ ಕೆಳಗೆ ಗೆದ್ದು ಸಿಪಿಐನ ಪಂಪಾಪತಿಯವರು ಇಲ್ಲಿಂದ ವಿಧಾನಸಭೆಗೆ ಹೋಗಿದ್ದರೆಂದು ಇಂದಿನ ವಿದ್ಯಾರ್ಥಿಗೆ ಹೇಳಿದರೆ ‘ನಮ್ಮ ದಾವಣಗೆರೆಯಿಂದನಾ ಸರ್?’ ಎನ್ನುತ್ತಾನೆ.

ಗಿರಣಿ ಊರು ಕಾಲೇಜು ಊರಾದದ್ದು ಹೇಗೆ? ಗಿರಣಿ ನಿಂತದ್ದಕ್ಕೂ ಕಾಲೇಜು ಬೆಳೆದದ್ದಕ್ಕೂ ನಂಟಿದೆಯೇ, ಇಲ್ಲವೇ? ಹತ್ತಿ ವ್ಯಾಪಾರದ ಬಂಡವಾಳ ಶಿಕ್ಷಣಕ್ಕೆ ಹರಿಯಿತೇ, ಅಥವಾ ಬೇರೆ ಜನ, ಬೇರೆ ದುಡ್ಡೇ? ಕೆಲಸ ಕಳೆದುಕೊಂಡ ನೇಯ್ಗೆ ಖಾತೆಯವನ ಮಗ ಎಲ್ಲಿದ್ದಾನೆ, ಮಗಳು ಎಲ್ಲಿದ್ದಾಳೆ? ಯೂನಿಯನ್ ಕಚೇರಿಯಲ್ಲಿ ಒಂದೇ ಬೆಂಚಿನ ಮೇಲೆ ಕೂರುತ್ತಿದ್ದವರು ಮಿಲ್ಲು ನಿಂತ ಮೇಲೆ ಜಾತಿ ಸಂಘದ ಬೇರೆ ಬೇರೆ ಬೆಂಚುಗಳಿಗೆ ಹೋದರೇ? ಇದಕ್ಕೆ ಬೇಕಾದ ಮಾಹಿತಿಯಲ್ಲಿ ಹೆಚ್ಚಿನದು ಎಂಬತ್ತು ದಾಟಿದ ತಲೆಗಳಲ್ಲಿದೆ. ಪಾಸ್‌ಬುಕ್ಕು, ಪಿ.ಎಫ್. ಚೀಟಿ, ಮುಷ್ಕರದ ಕರಪತ್ರ ಹಳೆಯ ಟ್ರಂಕಿನಲ್ಲಿವೆ.

ಅಹಮದಾಬಾದಿನ ಗಿರಣಿಗಳು ಮುಚ್ಚಿದಾಗ ಈ ಕೆಲಸ ಮಾಡಿದವರು ಯಾನ್ ಬ್ರೆಮನ್ ಎಂಬ ಡಚ್ ಸಮಾಜಶಾಸ್ತ್ರಜ್ಞ. ಅರವತ್ತರ ದಶಕದ ಆರಂಭದಲ್ಲಿ ದಕ್ಷಿಣ ಗುಜರಾತಿನ ಜೀತದಾಳುಗಳ ನಡುವೆ ಕೆಲಸ ಮಾಡಿ ಡಾಕ್ಟರೇಟ್ ಪಡೆದವರು, ಆಮೇಲೂ ದಶಕಗಳ ಕಾಲ ಅದೇ ಸೀಮೆಗೆ ಬರುತ್ತಲೇ ಇದ್ದರು. 2004ರಲ್ಲಿ ಅಹಮದಾಬಾದಿನ ಗಿರಣಿ ಕಾರ್ಮಿಕ ವರ್ಗ ಹುಟ್ಟಿದ್ದನ್ನೂ ಕರಗಿದ್ದನ್ನೂ ಬರೆದರು. ನಮ್ಮ ಕಡೆ ಜಾನಕಿ ನಾಯರ್ ಸಂಸ್ಥಾನದ ಕಾಲದ ಕೋಲಾರದ ಗಣಿ ಮತ್ತು ಬೆಂಗಳೂರಿನ ಗಿರಣಿಗಳ ಕಾರ್ಮಿಕರ ಮೇಲೆ 1998ರಲ್ಲಿ ಪುಸ್ತಕ ತಂದರು. ದಾವಣಗೆರೆಗೆ ಅಂಥ ಗಾತ್ರದ ಒಂದು ಪುಸ್ತಕ ಬೇಕು. ಹೊರಗಿನವರು ಬಂದು ಬರೆದರೂ ನನಗೆ ಬೇಸರವಿಲ್ಲ. ಆದರೆ ಇಲ್ಲಿನ ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ಬೆಳೆದ ಹುಡುಗಿಯೊಬ್ಬಳು ಭತ್ತ ಎಲ್ಲಿಂದ, ಉರುವಲು ಎಲ್ಲಿಂದ, ಮುಂಗಡ ಯಾರದು, ಕೆಮ್ಮು ಯಾರಿಗೆ ಎಂದು ಬರೆದರೆ ಅದರ ರುಚಿ ಬೇರೆ. ಅವಳಿಗೆ ಗೈಡು ‘ಸ್ಯಾಂಪಲ್ ಎಷ್ಟಮ್ಮ?’ ಎಂದು ಮೊದಲೇ ಕೇಳಿ ಬಾಯಿ ಮುಚ್ಚಿಸಬಾರದು.

ಹರಿಹರದ ಕಥೆ ಇನ್ನೂ ಉದ್ದ. ಹೊಸ ಶತಮಾನದ ಹೊಸ್ತಿಲಲ್ಲಿ ಕಿರ್ಲೋಸ್ಕರ್ ಕಾರ್ಖಾನೆ ನಿಂತಿತು. ಲೇತ್ ಹಿಡಿದು ಪಳಗಿದ ಕೈಗಳು ಎಲ್ಲಿಗೆ ಹೋದವು ಎಂದು ಹುಡುಕಿದರೆ ಸಣ್ಣ ವರ್ಕ್‌ಶಾಪುಗಳ ಇನ್ನೊಂದು ಭೂಪಟವೇ ತೆರೆಯುತ್ತದೆ. ಹೊಳೆಯಾಚೆಯ ಕಾರ್ಖಾನೆಯ ತ್ಯಾಜ್ಯದಿಂದ ನೀರು ಕೆಟ್ಟು ಮೀನು ಸತ್ತವೆಂದು ಎಂಬತ್ತರ ದಶಕದಲ್ಲಿ ದೊಡ್ಡ ದನಿ ಎದ್ದಿತು. ಎಸ್.ಆರ್. ಹಿರೇಮಠ ಮತ್ತು ಸಮಾಜ ಪರಿವರ್ತನ ಸಮುದಾಯದವರು ಮುಂದೆ ನಿಂತರು. ಅದೇ ಕಾರ್ಖಾನೆಯ ಪಲ್ಪಿಗಾಗಿ ಗೋಮಾಳಗಳಲ್ಲಿ ನೀಲಗಿರಿ ಬೆಳೆಸಲು ಸರ್ಕಾರ ಮತ್ತು ಕಂಪನಿ ಸೇರಿ ಮಾಡಿದ ಕರ್ನಾಟಕ ಪಲ್ಪ್‌ವುಡ್ ವಿರುದ್ಧ 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. ಕಿತ್ತಿಕೊ ಹಚ್ಚಿಕೊ ಎಂಬ ಆ ಚಳವಳಿ ಪರಿಸರ ಸಮಾಜಶಾಸ್ತ್ರದ ಬರಹಗಳಲ್ಲಿ ಜಗತ್ತನ್ನೆಲ್ಲ ಸುತ್ತಿದೆ. ಕುಸನೂರು ಹೊಳೆಯಾಚೆ, ಆಗ ಧಾರವಾಡ ಜಿಲ್ಲೆ. ಸಂಬಳ ಬರುತ್ತಿದ್ದದ್ದು ಹರಿಹರದ ಮನೆಗಳಿಗೆ. ಗೋಮಾಳ ಕಳೆದುಕೊಂಡವನೂ ಶಿಫ್ಟು ಮುಗಿಸಿ ಬಂದವನೂ ಪರಸ್ಪರರ ಬಗ್ಗೆ ಏನು ಅಂದುಕೊಂಡಿದ್ದರು? ಚಳವಳಿಯ ಬರಹದಲ್ಲಿ ಮೊದಲನೆಯವನು ಕಾಣುತ್ತಾನೆ, ಕಾರ್ಮಿಕ ಸಂಘದ ಕಾಗದದಲ್ಲಿ ಎರಡನೆಯವನು. ಇಬ್ಬರನ್ನೂ ಒಂದು ಪ್ರಬಂಧದೊಳಗೆ ಕೂರಿಸಬೇಕಾದರೆ ಸೇತುವೆ ದಾಟಲೇಬೇಕು.

ಕೊನೆಯದಾಗಿ, ಪ್ರಶ್ನೆ ಕೇಳುವವರು ಯಾರು ಎಂಬ ಎರಡನೇ ವ್ಯತ್ಯಾಸ: ವೈವಾ, ಅಂದರೆ ಮೌಖಿಕ ಪರೀಕ್ಷೆ. ಬ್ರಿಟನ್ನಿನಲ್ಲಿ ಅದು ಬಾಗಿಲು ಮುಚ್ಚಿದ ಕೋಣೆಯಲ್ಲಿ ಇಬ್ಬರು ಪರೀಕ್ಷಕರ ಮುಂದೆ ನಡೆಯುತ್ತದೆ. ಗೈಡು ಸಾಮಾನ್ಯವಾಗಿ ಪರೀಕ್ಷಕರಲ್ಲ. ಆಸ್ಟ್ರೇಲಿಯಾದಲ್ಲಿ ಬಹುಕಾಲ ವೈವಾ ಇರಲೇ ಇಲ್ಲ, ಹೊರಗಿನ ಪರೀಕ್ಷಕರ ವರದಿಯೇ ಸಾಕಿತ್ತು. ನೆದರ್ಲೆಂಡ್ಸಿನಲ್ಲಿ ಮುಕ್ಕಾಲು ಗಂಟೆ ಪ್ರಶ್ನೋತ್ತರ ನಡೆದ ಮೇಲೆ ದಂಡ ಹಿಡಿದ ಅಧಿಕಾರಿ ಒಳಬಂದು ಹೊತ್ತಾಯಿತೆಂದು ಲ್ಯಾಟಿನ್ನಿನಲ್ಲಿ ಸಾರುತ್ತಾನೆ, ಅಲ್ಲಿಗೆ ಮುಗಿಯಿತು, ಅರ್ಧ ವಾಕ್ಯದಲ್ಲಿದ್ದರೂ ಸರಿ. ಫಿನ್ಲೆಂಡಿನಲ್ಲಿ ಪದವಿಯ ಜೊತೆ ಟೋಪಿ ಮತ್ತು ಕತ್ತಿ. ನನಗೆ ಇವೆಲ್ಲಕ್ಕಿಂತ ಹಿಡಿಸಿದ್ದು ಸ್ವೀಡನ್ನಿನ ಪದ್ಧತಿ. ವೈವಾಕ್ಕೆ ಸುಮಾರು ಮೂರು ವಾರ ಮೊದಲು ಅಚ್ಚಾದ ಪ್ರಬಂಧವನ್ನು ಸಾರ್ವಜನಿಕವಾಗಿ ಮೊಳೆ ಹೊಡೆದು ತೂಗುಹಾಕುತ್ತಾರೆ. ಯಾರು ಬೇಕಾದರೂ ಓದಬಹುದು. ಆ ದಿನ ಹೊರಗಿನಿಂದ ಬಂದ ಒಬ್ಬ ಎದುರಾಳಿ ಸಭೆಯ ಮುಂದೆ ಪ್ರಬಂಧವನ್ನು ಎಳೆಎಳೆಯಾಗಿ ಪ್ರಶ್ನಿಸುತ್ತಾರೆ, ಬಳಿಕ ಸಭಿಕರೂ ಕೇಳಬಹುದು.

ನಮ್ಮಲ್ಲೂ ವೈವಾ ಮುಕ್ತವೇ. ಆದರೆ ತಿಳಿವಳಿಕೆ ಪತ್ರ ವಿಭಾಗದ ನೋಟಿಸ್ ಬೋರ್ಡಿನಲ್ಲಿರುತ್ತದೆ. ಬರುವವರು ಜೊತೆಯ ಸಂಶೋಧಕರು, ಮನೆಯವರು. ಹಾರ ಮತ್ತು ಶಾಲು ಮೊದಲೇ ಬಂದಿರುತ್ತವೆ, ಊಟದ ವ್ಯವಸ್ಥೆಯೂ ಆಗಿರುತ್ತದೆ. ಪ್ರಬಂಧದಲ್ಲಿ ‘ಮಾಹಿತಿದಾರರು’ ಎಂದು ಸಂಖ್ಯೆಯಾಗಿರುವವರಲ್ಲಿ ಒಬ್ಬರೂ ಆ ಕೋಣೆಯಲ್ಲಿರುವುದಿಲ್ಲ. ಪ್ರಬಂಧ ಇಂಗ್ಲಿಷಿನಲ್ಲಿದ್ದರೆ ಬಂದಿದ್ದರೂ ಪ್ರಯೋಜನವಿರಲಿಲ್ಲ. 1991ರಲ್ಲಿ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಆದ ಮೇಲೆ ಸಮಾಜವಿಜ್ಞಾನವನ್ನು ಕನ್ನಡದಲ್ಲೇ ಬರೆಯಬಹುದೆಂಬುದು ರುಜುವಾತಾಗಿದೆ. ಆದರೂ ನಮ್ಮ ಹಲವರಿಗೆ ಕನ್ನಡದಲ್ಲಿ ಬರೆದರೆ ಮುಂದಿನ ಕೆಲಸ ಸಿಗುವುದಿಲ್ಲವೆಂಬ ಭಯ. ಆ ಭಯ ಪೂರ್ತಿ ಸುಳ್ಳೂ ಅಲ್ಲ. ಹಾಗಾಗಿ ಭಾಷೆಯ ಜಗಳ ಬಿಟ್ಟು ಒಂದು ಸಣ್ಣ ಕೆಲಸ ಸೂಚಿಸುತ್ತೇನೆ.

ಈ ದತ್ತಿಯ ಬಡ್ಡಿ ವರ್ಷಕ್ಕೊಂದು ಭಾಷಣಕ್ಕೆ, ಒಂದು ಹಾರಕ್ಕೆ, ಈಗ ನಿಮ್ಮ ಕೈಯಲ್ಲಿರುವ ಇಂಥ ಒಂದು ಕಿರುಹೊತ್ತಿಗೆಗೆ ಆಗುತ್ತದೆ. ನನ್ನಂಥವರ ಭಾಷಣ ಎರಡು ವರ್ಷಕ್ಕೊಮ್ಮೆ ಆದರೂ ನಡೆಯುತ್ತದೆ. ಮಧ್ಯದ ವರ್ಷದಲ್ಲಿ ದಾವಣಗೆರೆ ಅಥವಾ ಹರಿಹರದ ಮೇಲೆ ಬಂದ ಒಂದು ಪ್ರಬಂಧವನ್ನು ಆರಿಸಿ, ಅದನ್ನು ಬರೆದವರಿಂದಲೇ ನಲವತ್ತು ಪುಟದ ಕನ್ನಡ ಬರಹ ಮಾಡಿಸಿ ಅಚ್ಚು ಹಾಕಿಸಿ. ಮೂರು ವಾರ ಮೊದಲು ಪ್ರತಿಗಳು ನಗರದ ಕೇಂದ್ರ ಗ್ರಂಥಾಲಯಕ್ಕೆ, ಹರಿಹರದ ಗ್ರಂಥಾಲಯಕ್ಕೆ, ಕಾರ್ಮಿಕ ಸಂಘಗಳ ಕಚೇರಿಗೆ, ಅಧ್ಯಯನ ನಡೆದ ಗ್ರಾಮ ಪಂಚಾಯಿತಿಗೆ ಹೋಗಲಿ. ಆಮೇಲೆ ಭಾನುವಾರ ಬೆಳಿಗ್ಗೆ, ಶಿಫ್ಟಿನವರಿಗೂ ಅನುಕೂಲವಾಗುವ ಹೊತ್ತಿಗೆ, ಸಭೆ ಕರೆಯಿರಿ. ಪ್ರಶ್ನೆ ಕೇಳುವ ಮೊದಲ ಹಕ್ಕು ಪ್ರಬಂಧದಲ್ಲಿ ಉತ್ತರ ಕೊಟ್ಟವರದ್ದು. ‘ನಾನು ಹಾಗೆ ಹೇಳಲಿಲ್ಲ’ ಎಂದು ಯಾರಾದರೂ ಎದ್ದರೆ ಸಂಶೋಧಕ ಅದನ್ನು ಬರೆದುಕೊಳ್ಳಬೇಕು. ಪದವಿ ಆಗಲೇ ಬಂದಿರುತ್ತದೆ, ಹೆದರಬೇಕಿಲ್ಲ.

ಇದಕ್ಕೆ ಒಂದು ಆಕ್ಷೇಪ ಬರುತ್ತದೆಂದು ಗೊತ್ತು: ಪ್ರಬಂಧದಲ್ಲಿ ಮಾಲೀಕರ, ಮಠದ, ಪಕ್ಷದ ಮಾತು ಇದ್ದರೆ ಸಭೆಯಲ್ಲಿ ಗಲಾಟೆಯಾದೀತು, ಬಾಯಿಬಿಟ್ಟವರ ಗುರುತು ಸಿಕ್ಕೀತು. ನಿಜ. ಅದಕ್ಕಾಗಿಯೇ ಎಪ್‌ಸ್ಟೀನ್ ಊರಿನ ಹೆಸರನ್ನೇ ಬದಲಿಸಿದರು. ಹೆಸರು ಮುಚ್ಚಿಟ್ಟುಕೊಂಡೂ ಮಾತು ತೆರೆದಿಡುವುದು ಹೇಗೆಂಬುದನ್ನು ಕೋರ್ಸ್‌ವರ್ಕಿನ ಸಂಶೋಧನಾ ನೀತಿಯ ತರಗತಿಯಲ್ಲಿ ಕಲಿಸುತ್ತೇವೆಂದು ಯುಜಿಸಿಗೆ ಬರೆದುಕೊಡುತ್ತೇವಲ್ಲ, ಅದನ್ನು ಮಾಡಿ ತೋರಿಸಲು ಇದೊಂದು ಜಾಗ. ಮೊದಲ ವರ್ಷಕ್ಕೆ ಯಾವ ಪ್ರಬಂಧ ಎಂದು ಸಮಿತಿ ಕೇಳಿದರೆ, ಭದ್ರಾ ನಾಲೆಯ ಕೊನೇ ಭಾಗದ ಮೇಲೆ ಬಂದದ್ದನ್ನು ತೆಗೆದುಕೊಳ್ಳಿ ಎನ್ನುತ್ತೇನೆ. ನೀರು ಬಿಡುವ ತಾರೀಖು ನೋಡಿಕೊಂಡು ಸಭೆ ಇಟ್ಟರೆ ಜನ ತಾವಾಗಿಯೇ ಬರುತ್ತಾರೆ.